ಕೈಗೆ ಬಂದ ಪ್ಲೇಸ್ಟೇಷನ್ 2: ಬೆಳಗಾವಿಯ ಒಂದು ರಿಪೇರಿ ಅಂಗಡಿಯ ಕೆಲಸ ಹೇಗಿದೆ?

ಟಿವಿಗೆ ಜೋಡಿಸಿ ಆಡುತ್ತಿದ್ದ ಹಳೆಯ ಗೇಮ್ ಯಂತ್ರವನ್ನು ಬಿಚ್ಚಿ, ಅದರ ಅಸಲಿ ಬೋರ್ಡನ್ನೇ ಪರದೆ, ಬ್ಯಾಟರಿ ಮತ್ತು ಗುಂಡಿಗಳ ಸಮೇತ ಎರಡು ಕೈಯಲ್ಲಿ ಹಿಡಿಯುವ ಡಬ್ಬಿಯೊಳಗೆ ಕೂರಿಸಿಕೊಡುವ ಕೆಲಸವನ್ನು ಬೆಳಗಾವಿಯಲ್ಲಿ ಒಬ್ಬರು ಮಾಡುತ್ತಾರೆ. ಖಡೇಬಜಾರಿನಿಂದ ಒಳಗೆ ಹೊರಳುವ ಗಲ್ಲಿಯೊಂದರಲ್ಲಿ ಅವರ ಅಂಗಡಿಯಿದೆ; ಫಲಕದ ಮೇಲೆ ಮೊಬೈಲ್ ಮತ್ತು ಟಿವಿ ರಿಪೇರಿ ಎಂದಷ್ಟೇ ಬರೆದಿರುವುದರಿಂದ, ಯಾರಾದರೂ ಹೇಳಿ ಕಳಿಸಿದವರ ಹೊರತು ಬೇರೆಯವರು ಈ ಕೆಲಸ ಹುಡುಕಿಕೊಂಡು ಅಲ್ಲಿಗೆ ಬರುವುದು ಅಪರೂಪ. ನಮ್ಮ ಮನೆಯಲ್ಲಿ ಕಪಾಟಿನ ಮೇಲೆ ಉಳಿದಿದ್ದ ಪ್ಲೇಸ್ಟೇಷನ್ 2 ಸ್ಲಿಮ್ ಯಂತ್ರವನ್ನು ಅವರಿಂದ ಹೀಗೆ ಮಾಡಿಸಿಕೊಂಡು, ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಕೆಲಸ ಚೆನ್ನಾಗಿದೆ, ಬೆಲೆ ಹೆಚ್ಚು, ಕೆಲವು ಕೊರತೆಗಳಿವೆ. ಇಂಥ ಕೆಲಸದಲ್ಲಿ ಗಿರಾಕಿ ನಿಜವಾಗಿ ಹಣ ಕೊಡುವುದು ಕಣ್ಣಿಗೆ ಕಾಣುವ ಡಬ್ಬಿಗಲ್ಲ, ಒಳಗಿನ ವಿದ್ಯುತ್ತಿನ ಮತ್ತು ಶಾಖದ ಲೆಕ್ಕಾಚಾರಕ್ಕೆ ಎಂಬುದು ನನ್ನ ಅಭಿಪ್ರಾಯ. ಆ ಅಳತೆಗೋಲಿನಿಂದಲೇ ಈ ಅಂಗಡಿಯನ್ನು ತೂಗಿ ನೋಡಿದ್ದೇನೆ.

ಮೊದಲು ಒಂದು ಗೊಂದಲವನ್ನು ನಿವಾರಿಸಬೇಕು. ಪೇಟೆಯಲ್ಲಿ ಮತ್ತು ಆನ್‌ಲೈನಿನಲ್ಲಿ ಸಿಗುವ, ಸಾವಿರಾರು ಆಟಗಳನ್ನು ತುಂಬಿಕೊಂಡು ಬರುವ ಚೀನೀ ಕೈಯಂತ್ರಗಳು ಎಮ್ಯುಲೇಟರ್‌ಗಳು, ಅಂದರೆ ಹಳೆಯ ಯಂತ್ರದ ನಡವಳಿಕೆಯನ್ನು ತಂತ್ರಾಂಶದ ಮೂಲಕ ಅನುಕರಿಸುವ ಬೇರೆಯೇ ಕಂಪ್ಯೂಟರ್‌ಗಳು. ಇಲ್ಲಿ ನಡೆಯುವ ಕೆಲಸ ಅದಲ್ಲ. ಸೋನಿ ಕಂಪನಿ ತಯಾರಿಸಿದ ಚಿಪ್ಪುಗಳೇ ಆಟವನ್ನು ನಡೆಸುತ್ತವೆ. ಬದಲಾಗುವುದು ಅವುಗಳ ಸುತ್ತಲಿನ ವ್ಯವಸ್ಥೆ ಮಾತ್ರ. ಅಮೆರಿಕದ ಬೆಂಜಮಿನ್ ಹೆಕೆಂಡಾರ್ನ್ ಎಂಬವರು 1977ರ ಅಟಾರಿ 2600 ಯಂತ್ರವನ್ನು ಕೈಯಲ್ಲಿ ಹಿಡಿಯುವಂತೆ ಮಾರ್ಪಡಿಸಿ ಈ ಹವ್ಯಾಸಕ್ಕೆ ಹೆಸರು ತಂದುಕೊಟ್ಟರು. ಕಂಪನಿಯೇ ಹೀಗೆ ಮಾಡಿದ ಉದಾಹರಣೆಯೂ ಇದೆ: ಸೆಗಾ ಕಂಪನಿ ತನ್ನ 16 ಬಿಟ್ ಜೆನೆಸಿಸ್ ಯಂತ್ರವನ್ನು 1995ರಲ್ಲಿ ನೋಮಾಡ್ ಎಂಬ ಕೈಯಂತ್ರವಾಗಿ ಮಾರಿತು. ಆರು ಪೆನ್‌ಸೆಲ್ ಹಾಕಿದರೆ ಅದು ಎರಡು ಮೂರು ಗಂಟೆಗಳಲ್ಲಿ ಅವನ್ನು ಬರಿದು ಮಾಡುತ್ತಿತ್ತು. ಆಗಲೂ ತೊಡಕಾಗಿದ್ದದ್ದು ವಿದ್ಯುತ್ತೇ.

ನಮ್ಮ ಕಡೆ ಈ ಕೆಲಸಕ್ಕೆ ಹೆಚ್ಚಾಗಿ ಬರುವ ಯಂತ್ರ ಪ್ಲೇಸ್ಟೇಷನ್ 2 ಎಂದು ಅಂಗಡಿಯವರು ಹೇಳಿದರು, ಅದರಲ್ಲಿ ಆಶ್ಚರ್ಯವೇನಿಲ್ಲ. 2000ದ ಮಾರ್ಚ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಈ ಯಂತ್ರದ ತಯಾರಿಕೆ ನಿಂತದ್ದು 2013ರ ಹೊತ್ತಿಗೆ. ಜಗತ್ತಿನಲ್ಲಿ 15 ಕೋಟಿಗಿಂತ ಹೆಚ್ಚು ಯಂತ್ರಗಳು ಮಾರಾಟವಾದವು. ಕಾಲೇಜುಗಳ ಹತ್ತಿರ ಗಂಟೆಗಿಷ್ಟು ಎಂದು ಹಣ ಪಡೆದು ಆಡಿಸುತ್ತಿದ್ದ ಗೇಮ್ ಪಾರ್ಲರ್‌ಗಳು ಮುಚ್ಚಿದ ಮೇಲೆ ಎಷ್ಟೋ ಯಂತ್ರಗಳು ಹಳೆಯ ಸಾಮಾನಿನ ಅಂಗಡಿಗಳನ್ನು ಸೇರಿದವು, ಮನೆಗಳಲ್ಲಿದ್ದವು ಅಟ್ಟ ಸೇರಿದವು. ಅವುಗಳಲ್ಲಿ ಮೊದಲು ಸಾಯುವುದು ಸಾಮಾನ್ಯವಾಗಿ ಡಿಸ್ಕ್ ಓದುವ ಲೇಸರ್. ಬೋರ್ಡ್ ಮಾತ್ರ ಗಟ್ಟಿಯಾಗಿ ಉಳಿದಿರುತ್ತದೆ. ಕೈಯಂತ್ರವಾಗಿಸುವಾಗ ಡಿಸ್ಕ್ ಡ್ರೈವನ್ನು ಹೇಗೂ ತೆಗೆದುಹಾಕುವುದರಿಂದ, ಲೇಸರ್ ಸತ್ತ ಯಂತ್ರವೂ ಈ ಕೆಲಸಕ್ಕೆ ಆಗುತ್ತದೆ. ಹಾಗಾಗಿ ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ಇದಕ್ಕಾಗಿ ಒಡೆಯಬಾರದು ಎಂಬುದು ಅಂಗಡಿಯವರ ಸಲಹೆ. ಓಡುವ ಯಂತ್ರ ತಂದವರಿಗೆ ಎರಡು ಸಲ ಯೋಚಿಸಲು ಹೇಳಿ ವಾಪಸ್ ಕಳಿಸಿದ್ದನ್ನು ನಾನೇ ಕಂಡಿದ್ದೇನೆ.

ಎಲ್ಲ ಮಾದರಿಗಳನ್ನೂ ಅವರು ಒಪ್ಪಿಕೊಳ್ಳುವುದಿಲ್ಲ. ಮೊದಲಿನ ದಪ್ಪ ಮಾದರಿಯ ಬೋರ್ಡ್ ದೊಡ್ಡದು, ಅದು ಎಳೆಯುವ ವಿದ್ಯುತ್ತೂ ಹೆಚ್ಚು. ಅದನ್ನು ಅವರು ಮುಟ್ಟುವುದಿಲ್ಲ. 2004ರಲ್ಲಿ ಬಂದ ಸ್ಲಿಮ್ ಮಾದರಿಗಳಲ್ಲಿ 70000ದಿಂದ 79000ದವರೆಗಿನ ಸರಣಿಗಳು ಹೊರಗಿನ ಅಡಾಪ್ಟರಿನಿಂದ 8.5 ವೋಲ್ಟ್ ಪಡೆದು ನಡೆಯುತ್ತವೆ, ಹೀಗಾಗಿ ಬ್ಯಾಟರಿಗೆ ಹೊಂದಿಸುವುದು ಸುಲಭ. ಕೊನೆಯ 90000 ಸರಣಿಯಲ್ಲಿ ಅಡಾಪ್ಟರ್ ಒಳಗೇ ಇದೆ. ಅಲ್ಲದೆ, ಡಿಸ್ಕ್ ಇಲ್ಲದೆ ಮೆಮೊರಿ ಕಾರ್ಡಿನಿಂದಲೇ ಯಂತ್ರವನ್ನು ಎಬ್ಬಿಸುವ ಫ್ರೀ ಮೆಕ್‌ಬೂಟ್ ಎಂಬ ತಂತ್ರಾಂಶ ಆ ಸರಣಿಯಲ್ಲೇ ನಂತರ ತಯಾರಾದ ಯಂತ್ರಗಳಲ್ಲಿ ನಡೆಯುವುದಿಲ್ಲ. ಡ್ರೈವ್ ತೆಗೆದ ಮೇಲೆ ಆ ದಾರಿಯೇ ಮುಖ್ಯವಾದ್ದರಿಂದ ಅವರು 90000 ಅಂಕಿ ಕಂಡ ಕೂಡಲೇ ಬೇಡವೆನ್ನುತ್ತಾರೆ. ಯಂತ್ರವನ್ನು ಮಗುಚಿ ತಳದ ಚೀಟಿಯ ಮೇಲಿನ ಸಂಖ್ಯೆ ನೋಡಿದರೆ ಯಾವ ಸರಣಿ ಎಂಬುದು ತಿಳಿಯುತ್ತದೆ. ನಮ್ಮದು 2007ರ 79000 ಸರಣಿಯದು. ಹಿಂದಿನ ಸ್ಲಿಮ್‌ಗಳಿಗಿಂತ ಹಗುರವಾದ ಮಾದರಿ.

ಮೊದಲ ಸಲ ಹೋದಾಗ ಡಬ್ಬಿ ಯಾವ ಬಣ್ಣದ್ದಿರಬೇಕು, ಎಷ್ಟು ತೆಳ್ಳಗಿರಬೇಕು ಎಂದು ಕೇಳುತ್ತಾರೆಂದು ನಾನು ಭಾವಿಸಿದ್ದೆ. ಅವರು ಯಂತ್ರವನ್ನು ಟಿವಿಗೆ ಹಚ್ಚಿ ಅರ್ಧ ಗಂಟೆ ಓಡಿಸಿ, ಮಲ್ಟಿಮೀಟರ್ ಹಿಡಿದು ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ಬರೆದುಕೊಂಡು, ಬಿಚ್ಚಿ, ಚಿಪ್ಪಿನ ಬಿಸಿ ಹೀರುವ ಲೋಹದ ತುಂಡಾದ ಹೀಟ್‌ಸಿಂಕ್ ಮೇಲೆ ಬೆರಳಿಟ್ಟು ನೋಡಿದ ಮೇಲೆಯೇ ಮಾತಿಗೆ ಬಂದರು. ‘ಡಬ್ಬಿ ಚಂದ ಆಗ್ತದ್ರಿ, ಅದರ ಚಿಂತಿ ಬ್ಯಾಡ. ಗಾಳಿ ಎಲ್ಲಿಂದ ಒಳಗ ಹೋಗಿ ಎಲ್ಲಿಂದ ಹೊರಗ ಬರ್ತದ ಅನ್ನೂದನ್ನ ಮೊದಲ ಕೇಳ್ರಿ’ ಎಂದರು. ಕನ್ನಡ, ಮರಾಠಿ ಎರಡರಲ್ಲೂ ಗಿರಾಕಿಗಳೊಂದಿಗೆ ಇದೇ ಮಾತನ್ನು ಇದೇ ಕ್ರಮದಲ್ಲಿ ಹೇಳುತ್ತಾರೆ ಎಂಬುದು ಆಮೇಲೆ ತಿಳಿಯಿತು.

ವಿದ್ಯುತ್ತಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅಗ್ಗದ ಕೆಲಸಕ್ಕೂ ಒಳ್ಳೆಯ ಕೆಲಸಕ್ಕೂ ಇರುವ ಅಂತರ ಇಲ್ಲಿಯೇ ಕಾಣುತ್ತದೆ. ಬ್ಯಾಟರಿಗೆ ಅವರು ಬಳಸುವುದು 18650 ಎಂದು ಕರೆಯುವ, 18 ಮಿಲಿಮೀಟರ್ ದಪ್ಪ ಮತ್ತು 65 ಮಿಲಿಮೀಟರ್ ಉದ್ದದ ಲಿಥಿಯಂ ಸೆಲ್‌ಗಳನ್ನು. ಇಂಥ ಒಂದು ಸೆಲ್ ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ಇರುತ್ತದೆ, ಬಳಸಿದಂತೆ 3 ವೋಲ್ಟ್‌ನ ಸಮೀಪಕ್ಕೆ ಇಳಿಯುತ್ತದೆ. ಎರಡನ್ನು ಸಾಲಾಗಿ ಜೋಡಿಸಿದರೆ 8.4ರಿಂದ 6 ವೋಲ್ಟ್‌ವರೆಗಿನ ವ್ಯಾಪ್ತಿ ಸಿಗುತ್ತದೆ. ಅಂದರೆ ಬ್ಯಾಟರಿ ಬರಿದಾಗುವ ಗಳಿಗೆಯಲ್ಲೂ ಬೋರ್ಡಿಗೆ ಬೇಕಾದ 5 ವೋಲ್ಟ್ ಮತ್ತು ಅದಕ್ಕಿಂತ ಕಡಿಮೆಯ ಎಲ್ಲ ವೋಲ್ಟೇಜ್‌ಗಳನ್ನು ಮೇಲಿನಿಂದ ಇಳಿಸಿಯೇ ಪಡೆಯಬಹುದು, ಏರಿಸುವ ಪ್ರಮೇಯವೇ ಬರುವುದಿಲ್ಲ. ಅಂಥ ಎರಡು ಜೋಡಿಗಳನ್ನು ಅಕ್ಕಪಕ್ಕ ಸೇರಿಸಿ ಒಟ್ಟು ನಾಲ್ಕು ಸೆಲ್‌ಗಳನ್ನು ಹಾಕುತ್ತಾರೆ. ಒಂದೊಂದು 3000 ಮಿಲಿಆಂಪ್‌ಅವರ್ ಸೆಲ್ಲು 3.6 ವೋಲ್ಟ್ ಲೆಕ್ಕದಲ್ಲಿ 10.8 ವ್ಯಾಟ್‌ಅವರ್, ನಾಲ್ಕೂ ಸೇರಿ 43.2 ವ್ಯಾಟ್‌ಅವರ್. ನಮ್ಮ ಯಂತ್ರ ಪರದೆಯೂ ಸೇರಿದಂತೆ 13–14 ವ್ಯಾಟ್ ಎಳೆಯುವುದನ್ನು ಮೀಟರಿನಲ್ಲಿ ತೋರಿಸಿದರು. ಭಾಗಿಸಿ ನೋಡಿದರೆ ಮೂರು ಗಂಟೆ ಬರುತ್ತದೆ; ವೋಲ್ಟೇಜ್ ಇಳಿಸುವಾಗಿನ ನಷ್ಟವನ್ನೂ ಸೆಲ್ ಪೂರ್ತಿ ಬರಿದಾಗುವ ಮೊದಲೇ ಆರಿಸುವ ರಕ್ಷಣೆಯನ್ನೂ ಕಳೆದರೆ ಎರಡೂವರೆ ಗಂಟೆಗಿಂತ ತುಸು ಹೆಚ್ಚು. ಬಳಕೆಯಲ್ಲಿ ಸಿಕ್ಕಿದ್ದೂ ಅಷ್ಟೇ. ಮಾತು ಕೊಟ್ಟ ಸಮಯಕ್ಕೂ ಸಿಕ್ಕ ಸಮಯಕ್ಕೂ ಇಷ್ಟು ಹತ್ತಿರದ ಸಂಬಂಧವನ್ನು ನಾನು ಹೊಸ ಮೊಬೈಲ್‌ಗಳಲ್ಲೂ ಕಂಡಿಲ್ಲ.

ಸೆಲ್‌ಗಳ ಮೂಲದ ಬಗ್ಗೆ ಅವರು ಬಹಳ ಕಟ್ಟುನಿಟ್ಟು. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿ ಒಡೆದು ತೆಗೆದ ಸೆಲ್‌ಗಳು ಅಗ್ಗಕ್ಕೆ ಸಿಗುತ್ತವೆ, ಆದರೆ ಒಂದೊಂದೂ ಬೇರೆ ಬೇರೆ ಪ್ರಮಾಣದಲ್ಲಿ ಸವೆದಿರುತ್ತವೆ. ಸಾಲಿನಲ್ಲಿ ಒಂದು ದುರ್ಬಲವಾಗಿದ್ದರೆ ಅದು ಬೇಗ ಬರಿದಾಗುತ್ತದೆ, ಚಾರ್ಜ್ ಮಾಡುವಾಗ ಬೇಗ ಮಿತಿ ಮೀರುತ್ತದೆ. ಆದ್ದರಿಂದ ಒಂದೇ ಕಂಪನಿಯ, ಒಂದೇ ತಂಡದ ಹೊಸ ಸೆಲ್‌ಗಳನ್ನೇ ಹಾಕುತ್ತಾರೆ, ಬಿಲ್ಲಿನಲ್ಲಿ ಅದನ್ನು ಬೇರೆಯಾಗಿ ತೋರಿಸುತ್ತಾರೆ. ಸೆಲ್ಲಿನ ತುದಿಗೆ ನೇರವಾಗಿ ಬೆಸುಗೆ ಹಾಕಿದರೆ ಶಾಖ ಒಳಗೆ ಇಳಿದು ಸೆಲ್ ಕೆಡುವುದರಿಂದ ನಿಕ್ಕಲ್ ಪಟ್ಟಿಗಳನ್ನು ಸ್ಪಾಟ್ ವೆಲ್ಡಿಂಗ್ ಮಾಡುತ್ತಾರೆ. ಸಾಲಿನಲ್ಲಿರುವ ಸೆಲ್‌ಗಳ ವೋಲ್ಟೇಜ್ ಸಮನಾಗಿಡುವ, ಮಿತಿ ಮೀರಿದರೆ ಕಡಿತಗೊಳಿಸುವ ಬಿಎಂಎಸ್ ಬೋರ್ಡ್ ಇದೆ. ಚಾರ್ಜಿಂಗ್‌ಗೆ ಟೈಪ್-ಸಿ ಕಿಂಡಿ ಇದ್ದು, ಲ್ಯಾಪ್‌ಟಾಪಿನ ಚಾರ್ಜರ್‌ನಿಂದ ಬೇಗ ತುಂಬುತ್ತದೆ, ಮೊಬೈಲಿನ ಸಾಧಾರಣ ಚಾರ್ಜರ್‌ನಿಂದ ತಾಸುಗಟ್ಟಲೆ ಬೇಕು. ಚಾರ್ಜ್ ಆಗುತ್ತಿರುವಾಗಲೇ ಆಡಬಹುದಾದರೂ ಆಗ ಹಿಂಭಾಗ ಇನ್ನಷ್ಟು ಬಿಸಿಯಾಗುವುದರಿಂದ ನಾನು ಹಾಗೆ ಮಾಡುವುದನ್ನು ಬಿಟ್ಟಿದ್ದೇನೆ.

ಇನ್ನು ಶಾಖ. ಎಳೆದ 13 ವ್ಯಾಟ್‌ನಲ್ಲಿ ಬಹುಪಾಲು ಕೊನೆಗೆ ಬಿಸಿಯಾಗಿಯೇ ಹೊರಬರಬೇಕು, ಅದೂ ಅಂಗೈಗಳ ನಡುವೆ ಹಿಡಿದ ಡಬ್ಬಿಯಿಂದ. ನಂತರದ ಸ್ಲಿಮ್ ಯಂತ್ರಗಳಲ್ಲಿ ಎಮೋಷನ್ ಎಂಜಿನ್ ಎಂಬ ಮುಖ್ಯ ಪ್ರೊಸೆಸರ್ ಮತ್ತು ಚಿತ್ರ ಮೂಡಿಸುವ ಗ್ರಾಫಿಕ್ಸ್ ಸಿಂಥಸೈಜರ್ ಎರಡೂ ಒಂದೇ ಚಿಪ್ಪಿನಲ್ಲಿವೆ. ಬಿಸಿಯ ಬಹುಭಾಗ ಒಂದೇ ಕಡೆ ಹುಟ್ಟುವುದರಿಂದ ಅದನ್ನು ಹಿಡಿಯುವುದು ಸುಲಭ. ಅಂಗಡಿಯವರು ಹಳೆಯ ಹೀಟ್‌ಸಿಂಕ್ ಬದಲು ತಾಮ್ರದ ತಗಡನ್ನು ಚಿಪ್ಪಿನ ಮೇಲೆ ಕೂರಿಸಿ, ಅದರ ತುದಿಯನ್ನು ಲ್ಯಾಪ್‌ಟಾಪ್ ಮಾದರಿಯ ಸಣ್ಣ ಫ್ಯಾನ್ ಹತ್ತಿರಕ್ಕೆ ಒಯ್ಯುತ್ತಾರೆ. ಗಾಳಿ ಬೆನ್ನಿನ ನಡುವಿನ ಸೀಳುಗಳಿಂದ ಒಳಗೆ ಹೋಗಿ ಮೇಲಂಚಿನಿಂದ ಹೊರಬರುತ್ತದೆ. ಸೀಳುಗಳನ್ನು ನಡುವೆ ಇಟ್ಟದ್ದಕ್ಕೆ ಕಾರಣವಿದೆ: ಆಡುವವರ ಬೆರಳುಗಳು ಬೆನ್ನಿನ ಎಡಬಲಗಳನ್ನು ಮುಚ್ಚಿಕೊಂಡಿರುತ್ತವೆ, ಅಲ್ಲಿ ತೂತು ಕೊರೆದು ಉಪಯೋಗವಿಲ್ಲ. ಹೀಗೆ ಮಾಡಿಸಿದ ಬೇರೊಂದು ಊರಿನ ಯಂತ್ರವನ್ನು ನಾನು ನೋಡಿದ್ದೆ. ಅದರಲ್ಲಿ ಬ್ಯಾಟರಿ ಮತ್ತು ಚಿಪ್ಪಿನ ನಡುವೆ ಬರೀ ಒಂದು ಪದರ ಟೇಪ್ ಇತ್ತು. ಇಲ್ಲಿ ಬ್ಯಾಟರಿಗೆ ಬೇರೆ ಕೋಣೆ, ಮಧ್ಯೆ ಗೋಡೆ, ಗೋಡೆಯ ಈಚೆಗೆ ಗಾಳಿಯ ದಾರಿ.

ಡಬ್ಬಿಯ ಪ್ಲಾಸ್ಟಿಕ್ ಆಯ್ಕೆಯೂ ಈ ಶಾಖದ ಪ್ರಶ್ನೆಗೇ ಸೇರಿದ್ದು. ತ್ರೀಡಿ ಪ್ರಿಂಟಿಂಗ್ ಮಾಡುವವರು ಸುಲಭವೆಂದು ಬಳಸುವ ಪಿಎಲ್‌ಎ ಎಂಬ ವಸ್ತು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಬೆಳಗಾವಿಯ ಹವೆ ತಂಪೆಂದು ಅದನ್ನು ಬಳಸಿಬಿಡಬಹುದು, ಆದರೆ ಯಂತ್ರವನ್ನು ಮೇ ತಿಂಗಳಲ್ಲಿ ವಿಜಯಪುರಕ್ಕೋ ಬಾಗಲಕೋಟೆಗೋ ಒಯ್ದು ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಡಬ್ಬಿ ಸೊಟ್ಟಗಾಗದೆ ಇರುವುದಿಲ್ಲ. ಪಿಇಟಿಜಿ ಸುಮಾರು 80 ಡಿಗ್ರಿಯವರೆಗೆ, ಎಬಿಎಸ್ ಸುಮಾರು 105 ಡಿಗ್ರಿಯವರೆಗೆ ಗಟ್ಟಿಯಾಗಿರುತ್ತವೆ. ಅವರು ಹೊರಡಬ್ಬಿಗೆ ಪಿಇಟಿಜಿ, ಚಿಪ್ಪಿನ ಸಮೀಪದ ಒಳಗಂಬಗಳಿಗೆ ಎಬಿಎಸ್ ಬಳಸುತ್ತಾರೆ. ಡಬ್ಬಿಯನ್ನು ಉದ್ಯಮಬಾಗಿನ ಕಡೆಯ ಒಬ್ಬರಿಂದ ಪ್ರಿಂಟ್ ಮಾಡಿಸಿ ತಂದು, ಅಂಚುಗಳನ್ನು ತಾವೇ ಉಜ್ಜಿ, ಬಣ್ಣ ಹೊಡೆಯುತ್ತಾರೆ. ಫೌಂಡ್ರಿ ಮತ್ತು ಮಷೀನ್ ಶಾಪ್‌ಗಳ ಊರಾದ್ದರಿಂದ ಇಂಥ ಬಿಡಿ ಕೆಲಸಕ್ಕೆ ಇಲ್ಲಿ ಜನ ಸಿಗುತ್ತಾರೆ; ಸ್ಕ್ರೂ ಹಿಡಿಯುವ ಹಿತ್ತಾಳೆಯ ಬುಷ್‌ಗಳನ್ನು ಪ್ಲಾಸ್ಟಿಕ್ಕಿನೊಳಗೆ ಬಿಸಿ ಮಾಡಿ ಇಳಿಸಿರುವುದರಿಂದ ಡಬ್ಬಿಯನ್ನು ಮತ್ತೆ ಮತ್ತೆ ಬಿಚ್ಚಿದರೂ ಸ್ಕ್ರೂ ಕೂರುವ ಸುರುಳಿ ಗೆರೆ ಸವೆಯುವುದಿಲ್ಲ. ಆದರೆ ಬಣ್ಣದ ಕೆಲಸ ಸಾಧಾರಣ. ಎಡಗೈಯ ಬೆರಳು ತಾಗುವಲ್ಲಿ ಈಗಾಗಲೇ ಹೊಳಪು ಹೋಗಿದೆ, ಎರಡು ಹೋಳು ಸೇರುವ ಕಡೆ ಉಗುರಿಗೆ ತಾಗುವಷ್ಟು ಸಂದು ಇದೆ. ಅಂಗಡಿಯವರಿಗೆ ತೋರಿಸಿದೆ, ನೋಡಿದರು, ‘ಹೌದ್ರಿ’ ಎಂದರು, ಅಷ್ಟೇ.

ಬೋರ್ಡನ್ನು ಕತ್ತರಿಸುವ ವಿಷಯದಲ್ಲಿ ಅವರು ಮೈಗಳ್ಳರಲ್ಲ, ಆದರೆ ಎಚ್ಚರಿಕೆಯವರು. ಹಳೆಯ ಯಂತ್ರಗಳನ್ನು ಚಿಕ್ಕದಾಗಿಸುವವರಲ್ಲಿ ಬೋರ್ಡಿನ ಬೇಡದ ಭಾಗವನ್ನು ಗರಗಸದಿಂದ ಕೊಯ್ದು ತೆಗೆಯುವ ರೂಢಿಯಿದೆ. ನಿಂಟೆಂಡೊ ವೀ ಯಂತ್ರದ ಬೋರ್ಡನ್ನು ಹೀಗೆ ಕೊಯ್ದು ಅಂಗೈಯಷ್ಟಾಗಿಸಿದವರಿದ್ದಾರೆ. ಇಂಥ ಬೋರ್ಡುಗಳಲ್ಲಿ ತಾಮ್ರದ ಗೆರೆಗಳು ಹಲವು ಪದರಗಳಲ್ಲಿ ಹರಿದಿರುತ್ತವೆ. ಕೊಯ್ದ ಅಂಚಿನಲ್ಲಿ ಎರಡು ಪದರಗಳ ತಾಮ್ರ ಒಂದಕ್ಕೊಂದು ತಾಗಿದರೆ ಶಾರ್ಟ್ ಆಗಿ ಬೋರ್ಡೇ ಸಾಯುತ್ತದೆ. ಸತ್ತ ಬೋರ್ಡಿಗೆ ಬದಲಿ ಎಂದರೆ ಇನ್ನೊಂದು ಹಳೆಯ ಯಂತ್ರವೇ. ನಮ್ಮ ಯಂತ್ರದಲ್ಲಿ ಅವರು ಕಿಂಡಿಗಳನ್ನು ಮತ್ತು ಎತ್ತರದ ಕೆಪ್ಯಾಸಿಟರ್‌ಗಳನ್ನು ಬಿಚ್ಚಿದ್ದಾರೆಯೇ ಹೊರತು ಬೋರ್ಡನ್ನು ಕೊಯ್ದಿಲ್ಲ. ಅದರ ಫಲವಾಗಿ ಕೈಯಂತ್ರ ಅಗಲವಾಗಿದೆ, ಭಾರವೂ ಇದೆ. ಹತ್ತು ವರ್ಷದ ಮಗು ಮಡಿಲ ಮೇಲಿಟ್ಟುಕೊಂಡೇ ಆಡಬೇಕು. ಈ ರಾಜಿ ನನಗೆ ಒಪ್ಪಿಗೆಯಾಯಿತು. ಜೇಬಿನಲ್ಲಿ ಹಿಡಿಯುವ ಯಂತ್ರ ಬೇಕೆನ್ನುವವರಿಗೆ ಆಗಲಿಕ್ಕಿಲ್ಲ.

ಪರದೆ 5 ಇಂಚಿನದು, 800×480 ಚುಕ್ಕೆಗಳದ್ದು. ಕಾರಿನ ರಿವರ್ಸ್ ಕ್ಯಾಮೆರಾಗೆ ಬಳಸುವ ಅಗ್ಗದ ಪರದೆಯನ್ನು ಹಾಕಿದರೆ ಎರಡು ಸಾವಿರದಷ್ಟು ಉಳಿಯುತ್ತದೆ ಎಂದು ಅವರೇ ಹೇಳಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದರು. ಅಗ್ಗದ ಪರದೆ ಕಾಂಪೋಸಿಟ್ ಸಂಕೇತವನ್ನು, ಅಂದರೆ ಟಿವಿಯ ಹಿಂದೆ ಚುಚ್ಚುತ್ತಿದ್ದ ಹಳದಿ ವೈರಿನ ಸಂಕೇತವನ್ನು ಮಾತ್ರ ತೆಗೆದುಕೊಳ್ಳುತ್ತದೆ. ಬೆಳಕು ಬಣ್ಣಗಳೆರಡೂ ಒಂದೇ ತಂತಿಯಲ್ಲಿ ಬೆರೆತು ಬರುವುದರಿಂದ ಅಕ್ಷರಗಳ ಅಂಚು ಕದಡುತ್ತದೆ. ಕ್ರಿಕೆಟ್ 07 ಆಟದ ಸ್ಕೋರು ಓದಲು ಕಣ್ಣು ಕಿರಿದು ಮಾಡಬೇಕಾಯಿತು. ಬೆಳಕು ಬಣ್ಣಗಳನ್ನು ಬೇರೆ ಬೇರೆ ತಂತಿಗಳಲ್ಲಿ ತರುವ ಕಾಂಪೊನೆಂಟ್ ಸಂಕೇತ ಸ್ವೀಕರಿಸುವ ಪರದೆಯಲ್ಲಿ ಅದೇ ಸ್ಕೋರು ಸಲೀಸಾಗಿ ಕಾಣಿಸಿತು. ಈ ಯಂತ್ರದ ಬಹುತೇಕ ಆಟಗಳು ಸಾಲುಗಳನ್ನು ಒಂದು ಬಿಟ್ಟು ಒಂದರಂತೆ ಕಳಿಸುವ ಇಂಟರ್‌ಲೇಸ್ ಚಿತ್ರ ಕೊಡುವುದರಿಂದ ಎಲ್‌ಸಿಡಿಯಲ್ಲಿ ಸಣ್ಣ ಅದುರು ಕಾಣುತ್ತದೆ. ಆಟ ತೆರೆಯುವ ಓಪನ್ ಪಿಎಸ್‌2 ಲೋಡರ್ ತಂತ್ರಾಂಶದಲ್ಲಿ ಅನೇಕ ಆಟಗಳನ್ನು ಒತ್ತಾಯದಿಂದ 480ಪಿಗೆ, ಅಂದರೆ ಎಲ್ಲ ಸಾಲುಗಳನ್ನೂ ಒಟ್ಟಿಗೆ ಕಳಿಸುವ ಕ್ರಮಕ್ಕೆ, ಹೊರಳಿಸುವ ಸೌಲಭ್ಯವಿದೆ, ಎಲ್ಲ ಆಟಗಳೂ ಅದಕ್ಕೆ ಒಗ್ಗುವುದಿಲ್ಲ. ಹಳೆಯ ಚೌಕಾಕಾರದ ಚಿತ್ರವನ್ನು ಅಗಲದ ಪರದೆಗೆ ಎಳೆದು ಹಿಗ್ಗಿಸದೆ, ಎಡಬಲಗಳಲ್ಲಿ ಕಪ್ಪು ಪಟ್ಟಿ ಬಿಟ್ಟು ತೋರಿಸುವಂತೆ ಹೊಂದಿಸಿ ಕೊಟ್ಟಿದ್ದಾರೆ, ಅದು ಸರಿಯಾದ ಕ್ರಮ. ಬಿಸಿಲಿನಲ್ಲಿ ಏನೂ ಕಾಣುವುದಿಲ್ಲ.

ನನ್ನ ದೊಡ್ಡ ಆಕ್ಷೇಪಣೆ ಗುಂಡಿಗಳ ಬಗ್ಗೆ. ಪ್ಲೇಸ್ಟೇಷನ್ 2ರೊಂದಿಗೆ ಬಂದ ಡ್ಯುಯಲ್‌ಶಾಕ್ 2 ಕಂಟ್ರೋಲರ್‌ನಲ್ಲಿ ಸ್ಟಾರ್ಟ್, ಸೆಲೆಕ್ಟ್ ಮೊದಲಾದ ಕೆಲವನ್ನು ಬಿಟ್ಟರೆ ಉಳಿದ ಗುಂಡಿಗಳು ಎಷ್ಟು ಜೋರಾಗಿ ಒತ್ತಿದಿರಿ ಎಂಬುದನ್ನೂ ಗ್ರಹಿಸುತ್ತವೆ. ಒಳಗಿನ ತೆಳು ಹಾಳೆಯ ಮೇಲೆ ರಬ್ಬರ್ ಎಷ್ಟು ಒತ್ತಿ ಕೂರುತ್ತದೆಯೋ ಅಷ್ಟು ವಿದ್ಯುತ್ತು ಹರಿಯುವ ವ್ಯವಸ್ಥೆ ಅದು. ಕೈಯಂತ್ರದಲ್ಲಿ ಆ ಹಾಳೆಗೆ ಜಾಗವಿಲ್ಲವೆಂದು ಅಂಗಡಿಯವರು ಟಕ್ಕೆಂದು ಸದ್ದು ಮಾಡುವ ಸಾಧಾರಣ ಸ್ವಿಚ್‌ಗಳನ್ನು ಹಾಕಿದ್ದಾರೆ. ಹೀಗಾಗಿ ಯಂತ್ರದ ಪಾಲಿಗೆ ಪ್ರತಿ ಒತ್ತೂ ಪೂರ್ತಿ ಒತ್ತೇ. ಹೆಚ್ಚಿನ ಆಟಗಳಿಗೆ ಇದರಿಂದ ತೊಂದರೆಯಿಲ್ಲ. ಗ್ರ್ಯಾನ್ ಟುರಿಸ್ಮೊ 4ರಲ್ಲಿ ಕಾರಿನ ವೇಗವನ್ನು ಹದವಾಗಿ ಏರಿಸಲು ಗುಂಡಿ ಬಿಟ್ಟು ಬಲಗಡೆಯ ಕಡ್ಡಿಯನ್ನು, ಅಂದರೆ ಹೆಬ್ಬೆರಳಿನಿಂದ ವಾಲಿಸುವ ಅನಲಾಗ್ ಸ್ಟಿಕ್ಕನ್ನು, ಬಳಸಬಹುದು. ಮೆಟಲ್ ಗಿಯರ್ ಸಾಲಿಡ್ 3ರಲ್ಲಿ ಮಾತ್ರ ಫಜೀತಿ: ಶತ್ರುವನ್ನು ಹಿಂದಿನಿಂದ ಹಿಡಿದು ಬೆದರಿಸಿ ಬಾಯಿ ಬಿಡಿಸೋಣವೆಂದು ಗುಂಡಿಯನ್ನು ಮೆಲ್ಲಗೆ ಒತ್ತಿದರೂ ಯಂತ್ರ ಅದನ್ನು ಜೋರಾದ ಒತ್ತೆಂದೇ ತಿಳಿದು ಅವನ ಕೊರಳು ಕೊಯ್ದುಬಿಡುತ್ತದೆ. ಈ ಮಾತನ್ನು ಕೆಲಸ ಒಪ್ಪಿಸುವ ಮೊದಲೇ ಗಿರಾಕಿಗೆ ತಿಳಿಸಬೇಕಿತ್ತು; ಅಂಗಡಿಯವರು ತಿಳಿಸಲಿಲ್ಲ. ಮೂಲ ಕಂಟ್ರೋಲರಿನ ಹಾಳೆಯನ್ನೇ ಕತ್ತರಿಸಿ ಕೂರಿಸುವ ದಾರಿ ಹವ್ಯಾಸಿಗಳಿಗೆ ಗೊತ್ತಿರುವಂಥದ್ದೇ. ಹೆಚ್ಚಿನ ಹಣ ಪಡೆದಾದರೂ ಅದನ್ನು ಮಾಡಿಕೊಡುವ ಆಯ್ಕೆ ಇರಬೇಕು. ಮೂಲ ಕಂಟ್ರೋಲರಿನಲ್ಲಿ ಎಲ್1, ಆರ್1ಗಳ ಕೆಳಗಿರುವ ಎಲ್2, ಆರ್2 ಗುಂಡಿಗಳನ್ನು ಇಲ್ಲಿ ಮೇಲಂಚಿನಲ್ಲಿ ಎಲ್1, ಆರ್1ಗಳ ಪಕ್ಕದಲ್ಲೇ ಇಟ್ಟಿರುವುದರಿಂದ ಬೆರಳು ಜಾರಿಸಿ ಒತ್ತಬೇಕು. ಕಡ್ಡಿಗಳು ಅಸಲಿ ಕಂಟ್ರೋಲರಿನವೇ, ಹಿಡಿತ ಚೆನ್ನಾಗಿದೆ.

ಡಿಸ್ಕ್ ಇಲ್ಲದ ಮೇಲೆ ಆಟಗಳು ಬರುವುದು ಎಸ್‌ಡಿ ಕಾರ್ಡಿನಿಂದ. ಎರಡನೆಯ ಮೆಮೊರಿ ಕಾರ್ಡಿನ ತಂತಿಗಳಿಗೆ ಎಸ್‌ಡಿ ಕಾರ್ಡ್ ಜೋಡಿಸುವ ಸಣ್ಣ ಅಡಾಪ್ಟರ್ ಹಾಕಿದ್ದಾರೆ. ಮೊದಲನೆಯ ಕಾರ್ಡಿನಲ್ಲಿ ಫ್ರೀ ಮೆಕ್‌ಬೂಟ್ ಮತ್ತು ಆಟದ ಸೇವ್‌ಗಳು. ಯುಎಸ್‌ಬಿ ಪೆನ್‌ಡ್ರೈವ್ ಹಚ್ಚಬಾರದೇಕೆ ಎಂದು ಹಲವರು ಕೇಳುತ್ತಾರಂತೆ. ಈ ಯಂತ್ರದ ಯುಎಸ್‌ಬಿ 1.1 ಕಾಲದ್ದು, ಸೆಕೆಂಡಿಗೆ 12 ಮೆಗಾಬಿಟ್ ಅದರ ಗರಿಷ್ಠ ಮಿತಿ, ಅಂದರೆ ಒಂದೂವರೆ ಮೆಗಾಬೈಟ್. ಮೂಲ ಡ್ರೈವ್ ಡಿವಿಡಿಯನ್ನು ಸಾಮಾನ್ಯ ವೇಗದ ನಾಲ್ಕು ಪಟ್ಟಿನಲ್ಲಿ, ಅಂದರೆ ಸೆಕೆಂಡಿಗೆ ಐದು ಮೆಗಾಬೈಟಿಗಿಂತ ಹೆಚ್ಚು ಓದುತ್ತಿತ್ತು. ಆದ್ದರಿಂದ ಪೆನ್‌ಡ್ರೈವ್‌ನಿಂದ ಆಡಿದರೆ ನಡುನಡುವಿನ ವೀಡಿಯೋ ದೃಶ್ಯಗಳು ತಡವರಿಸುತ್ತವೆ. ಎಸ್‌ಡಿ ಕಾರ್ಡಿನ ದಾರಿ ಇದಕ್ಕಿಂತ ಮೇಲು, ಆದರೂ ಕೆಲವು ಆಟಗಳಲ್ಲಿ ಮಾತು ತುಟಿಗಿಂತ ಮುಂದೆ ಓಡುವುದನ್ನು ಕಂಡಿದ್ದೇನೆ. ಆಟಗಳನ್ನು ಅಂಗಡಿಯವರು ತುಂಬಿಕೊಡುವುದಿಲ್ಲ, ಕೇಳಿದರೂ ಕೊಡುವುದಿಲ್ಲ. ನಿಮ್ಮ ಬಳಿಯಿರುವ ಡಿಸ್ಕ್‌ಗಳನ್ನು ಒಯ್ದರೆ ಕಾರ್ಡಿಗೆ ಇಳಿಸಿಕೊಡುತ್ತಾರೆ. ಈ ನಿಲುವಿನಿಂದ ಅವರು ಗಿರಾಕಿಗಳನ್ನು ಕಳೆದುಕೊಳ್ಳುತ್ತಾರೆಂಬುದು ಖಂಡಿತ, ನನಗೆ ಅದು ಗೌರವ ತಂದಿತು. ಹಳೆಯ ಮೆಮೊರಿ ಕಾರ್ಡಿನ ಸೇವ್‌ಗಳು ಬೇಕಿದ್ದರೆ ಮೊದಲೇ ಹೇಳಿ ನಕಲು ಮಾಡಿಸಿಕೊಳ್ಳಿ.

ವ್ಯವಹಾರದ ಮಟ್ಟಿಗೆ ಒಳ್ಳೆಯದೂ ಇದೆ, ಬೇಸರ ತರುವುದೂ ಇದೆ. ಹೇಳಿದ ಸಮಯಕ್ಕೆ ಕೊಡಲಿಲ್ಲ, ಬಹಳ ತಡವಾಯಿತು. ಫೋನ್ ಮಾಡಿದರೆ ಮಾತ್ರ ಎಲ್ಲಿಗೆ ಬಂದಿದೆ ಎಂದು ತಿಳಿಯುತ್ತಿತ್ತು, ತಾವಾಗಿ ತಿಳಿಸಿದ್ದಿಲ್ಲ. ಆದರೆ ಹೋದಾಗಲೆಲ್ಲ ಬಿಚ್ಚಿದ ಯಂತ್ರವನ್ನು ಮುಚ್ಚುಮರೆಯಿಲ್ಲದೆ ತೋರಿಸಿದರು. ಕೆಲಸ ಮುಗಿದ ಮೇಲೆ ಹಳೆಯ ಡಬ್ಬಿ, ಡ್ರೈವ್, ಅಡಾಪ್ಟರ್, ಬಿಚ್ಚಿದ ಕಿಂಡಿಗಳನ್ನೆಲ್ಲ ಚೀಲಕ್ಕೆ ಹಾಕಿ ಮರಳಿಸಿದರು. ಯಾವ ತಂತಿ ಎಲ್ಲಿಗೆ ಹೋಗಿದೆ ಎಂಬುದರ ಕೈಬರಹದ ನಕ್ಷೆಯನ್ನೂ ಕೊಟ್ಟರು. ನಾಳೆ ಬೇರೆ ಯಾರಾದರೂ ರಿಪೇರಿ ಮಾಡಬೇಕಾಗಿ ಬಂದರೆ ಆ ಕಾಗದ ಇಡೀ ಯಂತ್ರದಷ್ಟೇ ಬೆಲೆಯುಳ್ಳದ್ದು. ಬೆಸುಗೆ ಮತ್ತು ಬ್ಯಾಟರಿಗೆ ಆರು ತಿಂಗಳ ಹೊಣೆ ಹೊರುತ್ತಾರೆ, ಮೂಲ ಬೋರ್ಡಿಗೆ ಇಲ್ಲ. ಆ ಅವಧಿಯೊಳಗೆ ಸ್ಪೀಕರಿನ ತಂತಿಯೊಂದು ಬಿಟ್ಟಿತ್ತು, ನಿಂತ ಕಾಲಲ್ಲೇ ಸರಿಮಾಡಿ ಕೊಟ್ಟರು, ಹಣ ಕೇಳಲಿಲ್ಲ.

ಬಿಡಿಭಾಗ, ಡಬ್ಬಿ, ಕೂಲಿ ಎಲ್ಲ ಸೇರಿ ಖರ್ಚು ಹದಿನೆಂಟು ಸಾವಿರ ರೂಪಾಯಿಯ ಆಸುಪಾಸಿಗೆ ಬಂತು, ಯಂತ್ರ ನಮ್ಮದೇ. ಈ ಹಣಕ್ಕೆ ಒಳ್ಳೆಯ ಎಮ್ಯುಲೇಟರ್ ಕೈಯಂತ್ರವೇ ಬರುತ್ತದೆ. ಅದು ಹಗುರ, ತಂಪು, ಹೆಚ್ಚು ಹೊತ್ತು ಬಾಳುತ್ತದೆ, ಚಿತ್ರವನ್ನು ಮೂಲಕ್ಕಿಂತ ಸ್ಪಷ್ಟವಾಗಿಯೂ ತೋರಿಸುತ್ತದೆ. ಜೋರಾದ ಪ್ರೊಸೆಸರಿನ ಮೊಬೈಲ್ ಇದ್ದರೆ ಅದೂ ಬೇಕಿಲ್ಲ. ಬರೀ ಆಟ ಆಡುವುದೇ ಉದ್ದೇಶವಾಗಿದ್ದರೆ ಈ ಸೇವೆಯನ್ನು ನಾನು ಶಿಫಾರಸು ಮಾಡುವುದಿಲ್ಲ. ಅಸಲಿ ಬೋರ್ಡಿನಲ್ಲಿ ಆಟ ಹೇಗೆ ನಡೆಯುತ್ತಿತ್ತೋ ಹಾಗೆಯೇ, ಅದರ ನಿಧಾನ, ಅದರ ತೊಡರುಗಳ ಸಮೇತ ಬೇಕೆನ್ನುವವರಿಗೆ, ಲೇಸರ್ ಸತ್ತ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸು ಬಾರದವರಿಗೆ ಇದು ತಕ್ಕ ಅಂಗಡಿ.

ಖರ್ಚು ಭಾರವೆನಿಸಿದರೆ ಅದೇ ಅಂಗಡಿಯ ಇನ್ನೊಂದು ಕೆಲಸವನ್ನು ನೋಡಬಹುದು. ತೊಂಬತ್ತರ ದಶಕದಲ್ಲಿ ಮನೆಮನೆಗಳಲ್ಲಿದ್ದ, ಕ್ಯಾಸೆಟ್ ಚುಚ್ಚಿ ಮಾರಿಯೊ, ಕಾಂಟ್ರಾ ಆಡುತ್ತಿದ್ದ 8 ಬಿಟ್ ಟಿವಿ ಗೇಮ್‌ಗಳನ್ನೂ ಅವರು ಕೈಯಂತ್ರ ಮಾಡುತ್ತಾರೆ. ಅವು 1983ರ ನಿಂಟೆಂಡೊ ಫ್ಯಾಮಿಕಾಮ್‌ನ ನಕಲುಗಳು. ಹಲವುಗಳಲ್ಲಿ ಇಡೀ ಯಂತ್ರವೇ ಕಪ್ಪು ಅಂಟಿನ ಬೊಟ್ಟಿನಡಿಯ ಒಂದು ಚಿಪ್ಪಿನಲ್ಲಿ ಅಡಗಿರುತ್ತದೆ. 5 ವೋಲ್ಟ್ ಸಾಕು, ಬಿಸಿಯ ಗೊಡವೆಯಿಲ್ಲ, ಫ್ಯಾನ್ ಬೇಕಿಲ್ಲ, ವೋಲ್ಟೇಜ್ ಏರಿಸಿದರೆ ಒಂದೇ ಸೆಲ್ಲಿನಿಂದ ನಡೆಯುತ್ತದೆ, ಕಂಟ್ರೋಲರಿಗೆ ಐದೇ ತಂತಿ. 256×240 ಚುಕ್ಕೆಗಳ ಚಿತ್ರವಾದ್ದರಿಂದ ಅಗ್ಗದ ಕಾಂಪೋಸಿಟ್ ಪರದೆಯೂ ನಡೆಯುತ್ತದೆ. ಅಂಗಡಿಯಲ್ಲಿ ಮಾದರಿಗೆಂದು ಇಟ್ಟದ್ದನ್ನು ಆಡಿ ನೋಡಿದೆ. ಕ್ಯಾಸೆಟ್ ಹೊರಗೆ ಚಾಚಿಕೊಂಡಿರುವುದು ವಿಚಿತ್ರವಾಗಿ ಕಂಡರೂ ಪ್ಲೇಸ್ಟೇಷನ್‌ಗಿಂತ ಅಚ್ಚುಕಟ್ಟಾದ ಕೆಲಸ.

ಮಾಡಿಸುವವರಿಗೆ ಬಳಕೆಯ ಒಂದೆರಡು ಸೂಚನೆಗಳು. ಸಾಂಬ್ರಾ ವಿಮಾನ ನಿಲ್ದಾಣದಿಂದ ಹೊರಡುವಾಗ ಇದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. 100 ವ್ಯಾಟ್‌ಅವರ್ ಒಳಗಿನ ಲಿಥಿಯಂ ಬ್ಯಾಟರಿಗೆ ವಿಮಾನದೊಳಗೆ ಅವಕಾಶವಿದೆ, ಇದರದ್ದು ಅದರ ಅರ್ಧಕ್ಕಿಂತ ಕಡಿಮೆ. ಆದರೂ ಕಂಪನಿಯ ಹೆಸರಿಲ್ಲದ ಡಬ್ಬಿಯೊಳಗೆ ನಾಲ್ಕು ಸೆಲ್ ಕಂಡಾಗ ತಪಾಸಣೆಯವರು ಪ್ರಶ್ನೆ ಕೇಳಿಯೇ ಕೇಳುತ್ತಾರೆ, ಎದುರಿಗೇ ಚಾಲೂ ಮಾಡಿ ತೋರಿಸುವಷ್ಟು ಚಾರ್ಜ್ ಇರಲಿ. ಹೆಚ್ಚು ದಿನ ಆಡದೆ ಇಡುವುದಾದರೆ ಪೂರ್ತಿ ತುಂಬಿಸಿಯೂ ಪೂರ್ತಿ ಬರಿದು ಮಾಡಿಯೂ ಇಡದೆ ಅರ್ಧದಷ್ಟಿಟ್ಟು ಆರಿಸಿ. ನಮ್ಮ ಮಳೆಗಾಲದ ತಿಂಗಳುಗಳಲ್ಲಿ ಗಾಳಿಯ ಸೀಳುಗಳಿಂದ ತೇವ ಒಳಗಿಳಿಯುವುದರಿಂದ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಪುಡಿಕೆಯೊಂದಿಗೆ ಇಡಬೇಕು. ಅಂಗಡಿಗೆ ಹೋಗುವಾಗ ಯಂತ್ರದ ಜೊತೆಗೆ ಅದರ ಅಡಾಪ್ಟರ್, ಮೆಮೊರಿ ಕಾರ್ಡ್, ಓಡುವ ಒಂದು ಕಂಟ್ರೋಲರ್ ಮತ್ತು ನಿಮ್ಮ ಡಿಸ್ಕ್‌ಗಳನ್ನು ಒಯ್ಯಿರಿ. ಗುಂಡಿಗಳ ಒತ್ತಡದ ವಿಷಯವನ್ನು ಮುಂಗಡ ಕೊಡುವ ಮೊದಲೇ ಎತ್ತಿರಿ.